ಉರ್ವ ಚಿಲಿಂಬಿಯ ಮೇಷ್ಟ್ರ ಕುರ್ಚಿ

ನಮ್ಮ ಐಟಿ ಕಂಪನಿಗಳಲ್ಲಿ ಈಗ ಡೈವರ್ಸಿಟಿ ಹೆಡ್ ಅಂತ ಒಂದು ಹುದ್ದೆ ಉಂಟು. ಕಾಲೇಜುಗಳಲ್ಲೂ ಇಂಥದ್ದು ಇರಬೇಕು. ಯುಜಿಸಿಯ 2012ರ ನಿಯಮದಲ್ಲಿ ಪ್ರತಿ ಕಾಲೇಜಿಗೂ ತಾರತಮ್ಯ ತಡೆಯುವ ಒಬ್ಬ ಅಧಿಕಾರಿ ಬೇಕು ಅಂತಿತ್ತು, ಅದೂ ಅಸೋಸಿಯೇಟ್ ಪ್ರೊಫೆಸರ್‌ಗಿಂತ ಕೆಳಗಿನವರಲ್ಲ. ಇರುವ ಪ್ರೊಫೆಸರರ ಬಾಗಿಲಿಗೇ ಇನ್ನೊಂದು ಬೋರ್ಡು ಹೊಡೆದರೂ ನಿಯಮ ಪಾಲಿಸಿದ ಹಾಗೇ ಆಗ್ತದೆ. ಆ ಕುರ್ಚಿಯಲ್ಲಿ ಕೂತವರು ಮಾಡಬೇಕಾದ ಕೆಲಸ ಏನು ಅಂತ ತಿಳೀಬೇಕಾದ್ರೆ ಮಂಗಳೂರಿನ ಉರ್ವಕ್ಕೆ ಬನ್ನಿ. ಇವತ್ತಿನ ಉರ್ವ ಅಲ್ಲ, 1892ರದ್ದು.

ಆ ವರ್ಷ ಉರ್ವ ಚಿಲಿಂಬಿಯಲ್ಲಿ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗೊಂದು ಶಾಲೆ ತೆರೆದರು. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ವೃತ್ತಿಯಲ್ಲಿ ವಕೀಲರು. ಅವರನ್ನು ಯಾರೂ ನೇಮಿಸಲಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಶಾಲೆಗೆ ಜಾಗ ಸಿಕ್ಕಿತು, ಮಕ್ಕಳೂ ಸಿಕ್ಕಿದರು. ಸಿಗದೇ ಹೋದದ್ದು ಮೇಷ್ಟ್ರು! ಮೇಲ್ಜಾತಿಯವರು ಯಾರೂ ಪಾಠ ಹೇಳಲು ಒಪ್ಪಲಿಲ್ಲ, ಕಡೆಗೆ ಕ್ರೈಸ್ತ ಶಿಕ್ಷಕರು ಬಂದರು. ನೆರೆಹೊರೆಯವರ ವಿರೋಧಕ್ಕೆ ಶಾಲೆ ಜಾಗ ಬದಲಿಸಬೇಕಾಯಿತು. ರಂಗರಾಯರಿಗೆ ಸ್ವಂತ ಜಾತಿಯಿಂದ ಬಹಿಷ್ಕಾರ.

ನಾನು ಹಳ್ಳಿ ಶಾಲೆಯಲ್ಲಿ ಕಲಿತವನು. ಬಡವರ ಮನೆಯಲ್ಲಿ ಒಂದು ಮಗು ಶಾಲೆಗೆ ಹೋಯಿತು ಅಂದ್ರೆ ಒಂದು ಆಳಿನ ದುಡಿಮೆ ತಪ್ಪಿತು ಅಂತ ಲೆಕ್ಕ. ರಂಗರಾಯರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನ ಊಟ ಹಾಕಿದರು, ಮಕ್ಕಳನ್ನು ಕಳಿಸಿದ್ದಕ್ಕೆ ಹೆತ್ತವರಿಗೆ ಪುಡಿಗಾಸು ಕೊಟ್ಟರು. ಸರ್ಕಾರಕ್ಕೆ ಬಿಸಿಯೂಟ ಹೊಳೆಯುವುದಕ್ಕೆ ಎಷ್ಟು ಕಾಲ ಬೇಕಾಯಿತು ನೋಡಿ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ವಿಠ್ಠಲ ರಾಮಜಿ ಶಿಂಧೆ ಮುಂಬೈಯಲ್ಲಿ ಅದೇ ಹೆಸರಿನ ಸಂಸ್ಥೆ ತೆರೆದದ್ದು 1906ರಲ್ಲಿ. ಮಂಗಳೂರಿನ ಮಿಷನ್‌ಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆ ಸಿಕ್ಕಿತು. ಅಲ್ಲಿ ಅಕ್ಷರದ ಜೊತೆ ಮರಗೆಲಸ, ನೇಯ್ಗೆಯನ್ನೂ ಕಲಿಸಿದರು. ಶಾಲೆಯಲ್ಲೊಂದು ಮಾತು, ಮನೆಯಲ್ಲೊಂದು ಮಾತು ಅಂತಲೂ ಇರಲಿಲ್ಲ. ಮಗಳು ರಾಧಾಬಾಯಿಯವರದ್ದು ಅಂತರ್ಜಾತಿ ಮದುವೆ, ಅಳಿಯ ಪಿ. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು.

ಬ್ರಾಹ್ಮಣರೊಬ್ಬರು ದಲಿತರನ್ನು ಉದ್ಧಾರ ಮಾಡಿದ ಕತೆಯಾಗಿ ಇದನ್ನು ಹೇಳುವುದುಂಟು. ನನಗದು ಅಷ್ಟು ಹಿಡಿಸುವುದಿಲ್ಲ. ಬಹಿಷ್ಕಾರ ಹಾಕಿದವರ ನಡುವೆಯೇ ಮಗುವನ್ನು ಕಳಿಸಿದ ತಾಯಂದಿರು ರಂಗರಾಯರಿಗಿಂತ ಕಡಿಮೆ ಧೈರ್ಯದವರಾ? ಅವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ರಂಗರಾಯರಿಗೂ ಪೋಷಕನಾಗಿಯೇ ಉಳಿಯುವ ಆಸೆ ಇರಲಿಲ್ಲ ಅನ್ನಿಸ್ತದೆ. ತನ್ನ ಶಾಲೆಯ ದಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆ ಮೇಲೆ ಬೀಳಬೇಕು ಅನ್ನೋದು ಅವರ ಬಯಕೆ.

ತೀರಿಹೋದದ್ದು 1928ರ ಜನವರಿ 30ರಂದು. ತನ್ನ ಅಂತ್ಯಸಂಸ್ಕಾರ ದಲಿತರ ಕೈಯಿಂದಲೇ ಆಗಬೇಕು ಅಂತ ಮೊದಲೇ ಹೇಳಿಟ್ಟಿದ್ದರು. ಹಾಗೇ ಆಯಿತು.