ದಲ್ಲಾಳಿ ಯಾರ ಕಡೆಯವನು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಕೊಂಡು ನೋಡು ಎನ್ನಲಿಲ್ಲ. ಮದುವೆಯಲ್ಲಾದರೆ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎಂದು ಗುರುತಿಸಬಹುದು. ಮನೆ ಕೊಳ್ಳುವಾಗ ಮಾರುವವರ ಕಡೆಯವರು ಎದುರಿಗೇ ಕೂತಿರುತ್ತಾರೆ. ಕೊಳ್ಳುವವರ ಕಡೆ ಯಾರು? ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಸಿಕ್ಕಿದೆ.

ಮೊದಲ ತಲೆಮಾರಿಗೆ ಆ ಪ್ರಶ್ನೆಯೇ ಹುಟ್ಟಿರಲಿಲ್ಲ. 1945ರಲ್ಲಿ ಸ್ಥಾಪನೆಯಾದ ಸಿ.ಐ.ಟಿ.ಬಿ.ಗೆ ಅರ್ಜಿ ಹಾಕುವುದು, ಕಾಯುವುದು, ಹಣೆಯಲ್ಲಿ ಬರೆದಿದ್ದರೆ ಸೈಟು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ರಾಜಾಜಿಯವರ ಹೆಸರು ಹೊತ್ತು ಬೆಳೆದ ಬಡಾವಣೆಯಲ್ಲಿ ಎಷ್ಟೋ ಕಾರ್ಖಾನೆ ನೌಕರರು ನೆಲೆ ಕಂಡದ್ದು ಹೀಗೆ. ನಡುವೆ ದಲ್ಲಾಳಿಗೆ ಕೆಲಸವೇನೂ ಇರಲಿಲ್ಲ.

1976ರಲ್ಲಿ ಬಿ.ಡಿ.ಎ. ಬಂತು. ಅರ್ಜಿಗಳು ಹೆಚ್ಚಿದವು, ಸೈಟುಗಳು ಸಾಲಲಿಲ್ಲ. ಸೈಟು ಸಿಕ್ಕವರು 10 ವರ್ಷ ಮಾರುವಂತಿಲ್ಲ ಎಂಬ ಷರತ್ತು ಬೇರೆ. ಆದರೆ ಮಗಳ ಮದುವೆ, ಆಸ್ಪತ್ರೆ ಖರ್ಚು 10 ವರ್ಷ ಕಾಯುತ್ತವೆಯೇ? ಆಗ ಚಲಾವಣೆಗೆ ಬಂದದ್ದು ಜಿ.ಪಿ.ಎ., ಅಂದರೆ ಅಧಿಕಾರ ಪತ್ರದ ಮೇಲಿನ ಮಾರಾಟ. ಇಂಥ ಸೈಟು ಎಲ್ಲಿದೆ ಎಂದು ಬಲ್ಲವನೇ ದಲ್ಲಾಳಿ. ಅವನಿಗೆ ಬೋರ್ಡು ಬೇಕಿರಲಿಲ್ಲ. ಕಾಂಡಿಮೆಂಟ್ಸ್ ಅಂಗಡಿಯ ಮುಂದಿನ ಬೆಂಚೇ ಆಫೀಸು. 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ, ಇಂಥ ಮಾರಾಟದಿಂದ ಒಡೆತನ ದಾಟುವುದಿಲ್ಲ ಎಂದು ಖಂಡಿತವಾಗಿ ಹೇಳಿತು. ಕಬ್ಬಿಣದ ಬೀರುವಿನಲ್ಲಿ ಆ ಪತ್ರವನ್ನೇ ಆಸ್ತಿ ಎಂದು ಜೋಪಾನವಾಗಿಟ್ಟ ಹೆಂಗಸರು ಎಷ್ಟು ಜನರೋ.

ಕೊಳ್ಳುವವರು ತಮ್ಮದೇ ಆದ ಏಜೆಂಟನನ್ನು ಇಟ್ಟುಕೊಂಡದ್ದೂ ಉಂಟು. ಆ ಕಥೆ ಇನ್ನೂ ಸ್ವಾರಸ್ಯದ್ದು. ನೌಕರರೆಲ್ಲ ಸೇರಿ ಗೃಹ ನಿರ್ಮಾಣ ಸಹಕಾರ ಸಂಘ ಕಟ್ಟುವುದು, ಕಂತು ತುಂಬುವುದು, ಸಂಘ ಜಮೀನು ಹಿಡಿದು ಸೈಟು ಹಂಚುವುದು, ಇದು ಏರ್ಪಾಡು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಆಗ ಕಾನೂನಿನ ತಡೆಯಿತ್ತು. ಅದು ಸಡಿಲವಾದದ್ದು 2020ರಲ್ಲಿ. ಆದ್ದರಿಂದ ಸಂಘಕ್ಕಾಗಿ ಸರ್ಕಾರವೇ ಭೂಸ್ವಾಧೀನ ಮಾಡಿಕೊಡಬೇಕು. ಫೈಲು ಓಡಿಸುವವರು ಯಾರು? ಸಂಘಗಳು ಮಧ್ಯವರ್ತಿಗಳನ್ನು ಹಿಡಿದವು. ಎಚ್.ಎಂ.ಟಿ. ಗೃಹ ನಿರ್ಮಾಣ ಸಂಘದ ಮೊಕದ್ದಮೆಯಲ್ಲಿ ಈ ಒಳಸುಳಿ ಬಯಲಾಯಿತು. ಸರ್ಕಾರದ ಅಧಿಸೂಚನೆ ಹೊರಡಿಸಿಕೊಡುವುದಕ್ಕೆ ಇಂತಿಷ್ಟು ಹಣ ಎಂದು ಮಧ್ಯವರ್ತಿಯ ಜೊತೆ ಲಿಖಿತ ಒಪ್ಪಂದವೇ ಆಗಿತ್ತು! 1995ರಲ್ಲಿ ಸುಪ್ರೀಂ ಕೋರ್ಟು ಆ ಸ್ವಾಧೀನ ನಿಲ್ಲದು ಎಂದಿತು. ಜಮೀನು ಕಳೆದುಕೊಂಡಿದ್ದ ರೈತರಿಗೆ ಅದು ನ್ಯಾಯ, ಸರಿಯೇ. ಆದರೆ ಸಂಬಳದಲ್ಲಿ ಮುರಿಸಿ ಕಂತು ಕಟ್ಟಿದ ಸದಸ್ಯರ ಕಡೆಯವನೆಂದು ಬಂದಿದ್ದ ಏಜೆಂಟನ ಕೆಲಸವೇ ಅವರ ಸೈಟಿಗೆ ಮುಳುವಾಯಿತಲ್ಲ. ತೀರ್ಪಿನ ಸುದ್ದಿ ಓದುವಾಗೆಲ್ಲ ನನ್ನ ಕಣ್ಣಿಗೆ ಬರುವುದು, ಕೈಬಳೆ ಅಡವಿಟ್ಟು ಕೊನೆಯ ಕಂತು ಕಟ್ಟಿದ ಯಾವುದೋ ಮನೆಯಾಕೆ.

ಸಂಬಳವಿಲ್ಲದೆ ಕೊಳ್ಳುವವರ ಕಡೆ ನಿಂತವರೂ ಇದ್ದಾರೆ. ನಮ್ಮತ್ತೆ ವಿಜಯನಗರದಲ್ಲಿ ಮನೆ ನೋಡಲು ಹೋದರೆ ಹಾಲ್ ನೋಡುತ್ತಿರಲಿಲ್ಲ. ನೇರ ಸಂಪಿನ ಮುಚ್ಚಳ ತೆಗೆಸಿ, ಆಮೇಲೆ ಪಕ್ಕದ ಮನೆಗೆ ಹೋಗಿ, "ನಿಮ್ಮಲ್ಲಿ ಕಾವೇರಿ ನೀರು ಎಷ್ಟು ಹೊತ್ತಿಗೆ ಬರುತ್ತಮ್ಮಾ?" ಎಂದು ಶುರು ಮಾಡುತ್ತಿದ್ದರು. ಅಣ್ಣತಮ್ಮಂದಿರ ವ್ಯಾಜ್ಯ, ಬ್ಯಾಂಕಿನವರು ಬಂದು ಹೋದದ್ದು ಎಲ್ಲ ಆ ಒಂದು ಲೋಟ ಕಾಫಿಯಲ್ಲಿ ಹೊರಬೀಳುತ್ತಿತ್ತು. ದಲ್ಲಾಳಿ ಗೇಟಿನ ಬಳಿ ನಿಂತು ವಾಚು ನೋಡಿಕೊಳ್ಳುತ್ತಿದ್ದ.

ಅವನನ್ನು ದೂರಿ ಫಲವಿಲ್ಲ. ಅವನ ಕಮಿಷನ್ ಶೇಕಡಾ 1 ಅಥವಾ 2, ಎಷ್ಟೋ ಸಲ ಎರಡೂ ಕಡೆಯಿಂದ. ಬೆಲೆ ಇಳಿದರೆ ಅವನ ಪಾಲೂ ಇಳಿಯುತ್ತದೆ. ವ್ಯವಹಾರ ಮುರಿದರೆ ಏನೂ ಇಲ್ಲ. 1872ರ ಕರಾರು ಕಾಯಿದೆ ಏಜೆಂಟನ ನಿಷ್ಠೆಯನ್ನು ಚೆನ್ನಾಗಿ ಹೇಳಿದೆ: ನಮಗೆ ತಿಳಿಸದೆ ನಮ್ಮ ಕೆಲಸದಲ್ಲಿ ತಾನೇ ವ್ಯವಹಾರ ಮಾಡಿಕೊಂಡರೆ ಆ ಲಾಭವನ್ನು ನಾವು ಕೇಳಬಹುದು. ಆದರೆ ಅವನು ನಮ್ಮ ಏಜೆಂಟ್ ಎಂದು ಬರೆದುಕೊಂಡವರು ಯಾರಿದ್ದಾರೆ? 2016ರ ರೇರಾ ಕಾಯಿದೆ ಏಜೆಂಟರೂ ನೋಂದಾಯಿಸಬೇಕು ಎಂದಿತು. ಅದು ನೋಂದಾಯಿತ ಹೊಸ ಯೋಜನೆಗಳ ಮಾತು, ಬಸವೇಶ್ವರನಗರದ ಹಳೆಯ ಮನೆ ಅದರೊಳಗೆ ಬರುವುದಿಲ್ಲ. ಅಮೆರಿಕದಲ್ಲೂ ಬಹುಕಾಲ, ಕೊಳ್ಳುವವರನ್ನು ಕಾರಿನಲ್ಲಿ ಸುತ್ತಿಸಿದ ಏಜೆಂಟ್ ಕಾನೂನಿನ ಲೆಕ್ಕದಲ್ಲಿ ಮಾರುವವರ ಕಡೆಯವನೇ ಆಗಿರುತ್ತಿದ್ದ. ಮನೆ ತೋರಿಸುವ ಮುಂಚೆಯೇ ಕೊಳ್ಳುವವರ ಜೊತೆ ಲಿಖಿತ ಕರಾರು ಆಗಬೇಕೆಂದು ಅಲ್ಲಿನ ಏಜೆಂಟರ ದೊಡ್ಡ ಸಂಘ ನಿಯಮ ತಂದದ್ದು 2024ರ ಆಗಸ್ಟಿನಲ್ಲಿ, ಅದೂ ಕೋರ್ಟಿನಲ್ಲಿ ಪೆಟ್ಟು ತಿಂದ ಮೇಲೆ.

ನಮ್ಮ ಬೀದಿಯ ನಿವೃತ್ತ ಟೀಚರೊಬ್ಬರು ಅಮೆರಿಕದ ಸುದ್ದಿ ಓದದೆಯೇ ಅದನ್ನು ಮಾಡಿದರು. ಪಿ.ಎಫ್. ಹಣದಲ್ಲಿ ಕೆಂಗೇರಿ ಕಡೆ ಚಿಕ್ಕ ಮನೆ ಬೇಕಿತ್ತು. ದಲ್ಲಾಳಿಯನ್ನು ಕೂರಿಸಿ, "ನೀವು ಅವರ ಹತ್ತಿರ ಕಮಿಷನ್ ತಗೋಬಾರದು, ಬರೆದುಕೊಡಿ" ಎಂದರಂತೆ.

"ಹಾಗಾದ್ರೆ ಎರಡೂ ಪರ್ಸೆಂಟ್ ನೀವೇ ಕೊಡಬೇಕಾಗುತ್ತೆ ಮೇಡಂ" ಎಂದ ಅವನು.

ಒಂದು ರಾತ್ರಿ ಯೋಚಿಸಿ ಟೀಚರು ಒಪ್ಪಿದರು. ಮೊದಲನೆಯ ಮನೆಗೆ ಅವನೇ ಇ.ಸಿ. ತೆಗೆಸಿದ. ಋಣಭಾರ ಏನೂ ಇಲ್ಲದಿದ್ದರೆ ಬರುವುದು ಫಾರಂ 16. ಇವರ ಕೈಗೆ ಬಂದದ್ದು ಫಾರಂ 15, ಅದರಲ್ಲಿ ತೀರದ ಅಡಮಾನವೊಂದು. ಖಾತೆ ಮಾತ್ರ ಮಾಲೀಕರ ಹೆಸರಿನಲ್ಲಿ ಅಚ್ಚುಕಟ್ಟಾಗಿತ್ತು. ಖಾತೆ ತೆರಿಗೆಯ ದಾಖಲೆಯಷ್ಟೇ, ಒಡೆತನದ ಪತ್ರವಲ್ಲ ಎಂದು ಅವನೇ ಟೀಚರಿಗೆ ಪಾಠ ಹೇಳಿದನಂತೆ. ಅವರು ಕೊಂಡದ್ದು ನಾಲ್ಕನೆಯ ಮನೆ. ಅಲ್ಲಿ ಸಂಪಿನ ಮುಚ್ಚಳ ತೆಗೆಸಲು ನನ್ನನ್ನೂ ಕರೆದೊಯ್ದಿದ್ದರು.