ವೀರರಾಣಿಯರ ನಾಡಿನಲ್ಲಿ ಸೈನಿಕ ಸ್ತ್ರೀ

ಒಳಗಿರುವ ಆತ್ಮವು ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂಬುದು ಶರಣರು ಕಂಡುಕೊಂಡ ತತ್ತ್ವ. ಜೇಡರ ದಾಸಿಮಯ್ಯನವರಿಂದ ಮೊದಲ್ಗೊಂಡು ಸತ್ಯಕ್ಕ, ಗೊಗ್ಗವ್ವೆಯರವರೆಗೆ ಅನೇಕರು ಇದನ್ನು ತಮ್ಮ ತಮ್ಮ ಅನುಭಾವದ ಮಾತಿನಲ್ಲಿ ಸಾರಿದ್ದಾರೆ. ದೀಕ್ಷೆಯಲ್ಲಿ, ಕಾಯಕದಲ್ಲಿ, ಅನುಭವಗೋಷ್ಠಿಯಲ್ಲಿ ಸ್ತ್ರೀಯರಿಗೆ ಸಮಾನ ಸ್ಥಾನವನ್ನಿತ್ತ ಆ ಪರಂಪರೆಯ ಮುಂದೆ ಇಂದಿನ ಕಾಲ ಒಂದು ಕಠಿಣ ಪ್ರಶ್ನೆಯನ್ನು ಇಟ್ಟಿದೆ. ಶಸ್ತ್ರ ಹಿಡಿದು ನಾಡನ್ನು ಕಾಯುವ ಕಾಯಕವೂ ಸ್ತ್ರೀಗೆ ಸಲ್ಲತಕ್ಕದ್ದೆ? ಸಲ್ಲುವುದಾದರೆ, ರಾಜ್ಯವು ತರುಣರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುವ ದಿನ ಬಂದಾಗ ತರುಣಿಯರನ್ನೂ ಕರೆಯಬೇಕೆ? ಬೆಳೆದ ಹೆಣ್ಣುಮಕ್ಕಳಿರುವ ಪ್ರತಿಯೊಂದು ಮನೆಯೂ ಇದನ್ನು ತನ್ನ ಪ್ರಶ್ನೆಯೆಂದೇ ತಿಳಿಯಬೇಕು.

ಇಂಥ ಚರ್ಚೆ ಬಂದಾಗಲೆಲ್ಲ ನಮ್ಮವರು ಕೂಡಲೇ ಕಿತ್ತೂರಿನ ಚೆನ್ನಮ್ಮನನ್ನೂ ಒನಕೆ ಓಬವ್ವನನ್ನೂ ನೆನೆಯುತ್ತಾರೆ. ನೆನೆಯುವುದು ಯುಕ್ತವೇ. ಆದರೆ ಆ ವೀರವನಿತೆಯರು ಯುದ್ಧಭೂಮಿಗೆ ಬಂದದ್ದು ಹೇಗೆ, ಬಂದ ಮೇಲೆ ನಾಡು ಅವರಿಗೆ ಕೊಟ್ಟದ್ದೇನು ಎಂಬುದನ್ನು ಪರಿಶೀಲಿಸದೆ ಹೆಸರನ್ನಷ್ಟೇ ಹೇಳಿದರೆ ಇತಿಹಾಸವನ್ನು ಅರ್ಧ ಓದಿದಂತಾಗುತ್ತದೆ.

ಮೈಸೂರು–ನಂಜನಗೂಡು ಮಾರ್ಗದ ಕಡಕೊಳವನ್ನೂ ಒಳಗೊಂಡ ಈ ಪ್ರದೇಶವು ಒಂದು ಕಾಲಕ್ಕೆ ಗಂಗರ ನಾಡು. ಆ ಕಾಲದ ಗ್ರಾಮಗಳಲ್ಲಿ ತುರುಗಳನ್ನು ಬಿಡಿಸಲು, ಊರಳಿವನ್ನು ತಡೆಯಲು ಹೋರಾಡಿ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಅವನ ಮನೆಯವರಿಗೆ ಭೂಮಿಯನ್ನೂ ಬಿಡುತ್ತಿದ್ದರು. ಶಾಸನಗಳು ಆ ಭೂಮಿಯನ್ನು ಕಲ್ನಾಡು ಎಂದೂ ನೆತ್ತರುಗೊಡಗೆ ಎಂದೂ ಕರೆಯುತ್ತವೆ. ನೆತ್ತರಿಗೆ ಕೊಟ್ಟ ಕೊಡುಗೆ ಎಂಬ ಆ ಪದವೇ ಆ ವ್ಯವಸ್ಥೆಯನ್ನೆಲ್ಲ ವಿವರಿಸುತ್ತದೆ. ವೀರಗಲ್ಲಿನ ಕೆಳಹಂತದಲ್ಲಿ ಯುದ್ಧ, ಅದರ ಮೇಲೆ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ತುದಿಯಲ್ಲಿ ಇಷ್ಟದೈವದ ಸನ್ನಿಧಿ. ಈ ಕಲ್ಲುಗಳಲ್ಲಿ ಸ್ತ್ರೀ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಅಪ್ಸರೆಯಾಗಿ. ಮಾಸ್ತಿಗಲ್ಲಾದರೆ ಬಳೆ ತೊಟ್ಟ ಎತ್ತಿದ ತೋಳಾಗಿ.

ಇದಕ್ಕೆ ಅಪವಾದವೆನಿಸಿದ ಒಂದು ಕಲ್ಲು ಶ್ರವಣಬೆಳಗೊಳದಲ್ಲಿದೆ. ಹತ್ತನೆಯ ಶತಮಾನದ ಸಾವಿಯಬ್ಬೆಯು ಪತಿ ಲೋಕವಿದ್ಯಾಧರನೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಅಲ್ಲಿಯೇ ಮಡಿದವಳು. ಶಿಲ್ಪದಲ್ಲಿ ಆಕೆ ಕುದುರೆಯನ್ನೇರಿ ಕತ್ತಿಯನ್ನೆತ್ತಿ ಆನೆಯ ಮೇಲಿನ ಶತ್ರುವನ್ನು ಎದುರಿಸುತ್ತಿದ್ದಾಳೆ. ಆದರೆ ಕೆತ್ತಿದ ಬರೆಹವನ್ನು ಓದಿದರೆ ಅಲ್ಲಿ ಆಕೆಯ ಹೋಲಿಕೆ ಶ್ರಾವಕಿಯಾದ ರೇವತಿಗೆ, ಸೀತೆಗೆ, ಅರುಂಧತಿಗೆ. ಶಿಲ್ಪಿ ಕತ್ತಿಯನ್ನು ಕಂಡ. ಕವಿ ಪಾತಿವ್ರತ್ಯವನ್ನು ಕಂಡ. ಒಂದೇ ಕಲ್ಲಿನ ಮೇಲಿನ ಈ ಎರಡು ನೋಟಗಳು ಸಾವಿರ ವರ್ಷ ಕಳೆದರೂ ನಮ್ಮ ಸಮಾಜವನ್ನು ಪೂರ್ತಿ ಬಿಟ್ಟುಹೋಗಿಲ್ಲ.

ಅಧಿಕಾರದ ಸ್ಥಾನದಲ್ಲಿಯೂ ಸ್ತ್ರೀಯರು ಇದ್ದರು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡದ ನಾಳ್ಗಾವುಂಡ ಸತ್ತರಸ ನಾಗಾರ್ಜುನನು ಮಡಿದಾಗ ಆತನ ಪತ್ನಿ ಜಕ್ಕಿಯಬ್ಬೆಯೇ ಆ ಪದವಿಯನ್ನು ವಹಿಸಿಕೊಂಡಳೆಂದು ಬಂದಳಿಕೆಯ ಶಾಸನ ತಿಳಿಸುತ್ತದೆ. ಕಲ್ಯಾಣ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದಳು; ಗೋಕಾಗೆ, ಅಂದರೆ ಇಂದಿನ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಗುಣದಬೆಡಂಗಿ ಎಂಬ ಬಿರುದಿನ ಆಕೆಯನ್ನು ಶಾಸನವು ರಣಭೈರವಿಯೆಂದು ಕೊಂಡಾಡುತ್ತದೆ. ಒಬ್ಬಳು ವಿಧವೆಯಾಗಿ ಪದವಿಗೆ ಬಂದಳು, ಇನ್ನೊಬ್ಬಳು ಅರಮನೆಯಲ್ಲಿ ಹುಟ್ಟಿ ಬಂದಳು.

ಶರಣರ ಚಿಂತನೆ ಇಲ್ಲಿ ಬೇರೊಂದು ದಾರಿಯನ್ನು ತೋರುತ್ತದೆ. ಅವರು ಪದವಿಯನ್ನು ಹುಟ್ಟಿಗಾಗಲಿ ವೈಧವ್ಯಕ್ಕಾಗಲಿ ಗಂಟುಹಾಕದೆ ಕಾಯಕಕ್ಕೆ ಗಂಟುಹಾಕಿದರು. ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮನವರ ಹೆಸರುಗಳಲ್ಲಿಯೇ ಅವರವರ ಕಾಯಕ ಸೇರಿಹೋಗಿದೆ. ಕಾಯಕವೆಂದರೆ ಒಪ್ಪಿ ಹಿಡಿದ ದುಡಿಮೆ. ಅದಕ್ಕೆ ತಕ್ಕ ಪ್ರತಿಫಲವುಂಟು, ಗೌರವವುಂಟು. ಒಪ್ಪಿಗೆಯೂ ಇಲ್ಲದೆ ಪ್ರತಿಫಲವೂ ಇಲ್ಲದೆ ಮಾಡಿಸುವ ದುಡಿಮೆಗೆ ಕನ್ನಡದಲ್ಲಿ ಬಿಟ್ಟಿ ಎಂಬ ಬೇರೆಯೇ ಹೆಸರಿದೆ. ಸ್ತ್ರೀಯರ ಸೈನಿಕ ಸೇವೆಯನ್ನು ಅಳೆಯಲು ಈ ಎರಡು ಪದಗಳಿಗಿಂತ ಉತ್ತಮವಾದ ಮಾನದಂಡ ದೊರೆಯಲಾರದು. ಕಲ್ಯಾಣದ ಕ್ರಾಂತಿಯ ತರುವಾಯ ಶರಣರನ್ನು ಅರಸನ ಸೈನ್ಯ ಬೆನ್ನಟ್ಟಿತೆಂದೂ ಕಾದರವಳ್ಳಿಯಲ್ಲಿ ಕಾಳಗ ನಡೆಯಿತೆಂದೂ ಪರಂಪರೆ ನೆನಪಿಟ್ಟಿದೆ. ತಾಯಿ ಗಂಗಾಂಬಿಕೆಯವರ ಐಕ್ಯಸ್ಥಳ ಅಲ್ಲಿಗೆ ಸಮೀಪದ ಮುಗುಟಖಾನ ಹುಬ್ಬಳ್ಳಿಯ ಮಲಪ್ರಭಾ ತೀರದಲ್ಲಿದೆ. ಮುಂದೆ ಕಿತ್ತೂರಿನ ಸಂಸ್ಥಾನ ಬೆಳೆದದ್ದೂ ಅದೇ ನೆಲದಲ್ಲಿ.

ಕಿತ್ತೂರಿಗೆ ಬರುವ ಮುನ್ನ ಕೆಳದಿಯನ್ನು ನೋಡಬೇಕು. ಸೋಮಶೇಖರ ನಾಯಕನು 1671ರ ಸುಮಾರಿಗೆ ಕೊಲೆಯಾದಾಗ ಚೆನ್ನಮ್ಮಾಜಿಗೆ ಮಕ್ಕಳಿರಲಿಲ್ಲ. ಬಿಜಾಪುರದ ಸೈನ್ಯ ಬಿದನೂರಿನ ಬಾಗಿಲಿಗೆ ಬಂದಿತ್ತು. ಆಕೆ ದಟ್ಟ ಕಾಡಿನ ನಡುವಿನ ಭುವನಗಿರಿ ದುರ್ಗಕ್ಕೆ, ಎಂದರೆ ಕವಲೇದುರ್ಗಕ್ಕೆ ಹೋಗಿ ದಂಡನ್ನು ಕೂಡಿಸಿ ರಾಜ್ಯವನ್ನು ಉಳಿಸಿಕೊಂಡಳು. ಬಸಪ್ಪ ನಾಯಕನನ್ನು ದತ್ತು ಸ್ವೀಕರಿಸಿ ಸುಮಾರು 25 ವರ್ಷ ಆಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯತ್ತ ಹೋಗುವಾಗ ಆಶ್ರಯ ಬೇಡಿದನು. ಆಶ್ರಯವಿತ್ತರೆ ಔರಂಗಜೇಬನ ವೈರ, ಕೊಡದಿದ್ದರೆ ಶರಣಾಗತನನ್ನು ಕೈಬಿಟ್ಟ ಅಪವಾದ. ಚೆನ್ನಮ್ಮಾಜಿ ಆಶ್ರಯವಿತ್ತು ಆತನನ್ನು ಸುರಕ್ಷಿತವಾಗಿ ದಾಟಿಸಿದಳು. ಬೆನ್ನಟ್ಟಿ ಬಂದ ಬಾದಶಾಹಿ ಸೈನ್ಯವನ್ನು ಮಲೆನಾಡಿನ ಕಾಡಿನಲ್ಲಿ ಎದುರಿಸಿ, ಕೊನೆಗೆ ಸಂಧಿಯ ಮೂಲಕ ರಾಜ್ಯವನ್ನು ಕಾಪಾಡಿಕೊಂಡಳು. ಜಂಗಮ ದಾಸೋಹಕ್ಕೂ ಮಠಗಳಿಗೂ ಆಕೆ ಬಿಟ್ಟ ದತ್ತಿಗಳನ್ನು ಭಕ್ತರು ಬಲ್ಲರು. ಇಲ್ಲಿ ಮುಖ್ಯವಾದುದು ಬೇರೆ: ಕಾಲು ಶತಮಾನದ ಕಾಲ ಮಲೆನಾಡಿನ ಗಂಡಾಳುಗಳ ದಂಡು ಒಬ್ಬ ಸ್ತ್ರೀಯ ಆಜ್ಞೆಯಂತೆ ನಡೆಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ದೆಹಲಿಯ ನ್ಯಾಯಾಲಯದಲ್ಲಿ ಇದರ ಅಗತ್ಯ ಬೀಳುತ್ತದೆ.

ಅದೇ ಶತಮಾನದಲ್ಲಿ, ಶಿವಾಜಿಯ ದಕ್ಷಿಣ ದಂಡಯಾತ್ರೆಯ ಕೊನೆಯಲ್ಲಿ, ಬೆಳವಡಿಯ ಮಲ್ಲಮ್ಮ ಮರಾಠಾ ಸೈನ್ಯವನ್ನು ತಡೆದು ನಿಲ್ಲಿಸಿದಳು. ಆಕೆ ಸ್ತ್ರೀಯರ ಪಡೆಯನ್ನೇ ಕಟ್ಟಿ ಕಾದಿದಳೆಂದು ಜನಪದರು ಹೇಳುತ್ತಾರೆ. ಧಾರವಾಡ ಸಮೀಪದ ಯಾದವಾಡದಲ್ಲಿರುವ ಶಿವಾಜಿಯ ಶಿಲ್ಪವನ್ನು ಆ ಘಟನೆಯ ಸ್ಮಾರಕವೆಂದು ಗುರುತಿಸುತ್ತಾರೆ. ಪಡೆಯ ಗಾತ್ರದ ಬಗೆಗೆ ಹೇಳುವ ದೊಡ್ಡ ಸಂಖ್ಯೆಗಳನ್ನು ನಂಬಬೇಕಾಗಿಲ್ಲ. ಸ್ತ್ರೀಯರು ಒಂದು ಪಡೆಯಾಗಿ ನಿಲ್ಲಬಲ್ಲರೆಂಬ ಕಲ್ಪನೆ ಈ ನೆಲದ ಜನಕ್ಕೆ ಅಸಂಭವವೆನಿಸಲಿಲ್ಲ ಎಂಬುದೇ ಸಾಕು. ಚಿತ್ರದುರ್ಗದ ಓಬವ್ವನಾದರೋ ಕೋಟೆಯ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕುಳಿತಾಗ ಆತನ ಕಾವಲನ್ನು ತಾನು ನಿರ್ವಹಿಸಿದಳು. ಕೈಗೆ ಸಿಕ್ಕಿದ್ದು ಒನಕೆ, ಏಕೆಂದರೆ ಆಕೆಗೆ ಆಯುಧವನ್ನು ಯಾರೂ ಕೊಟ್ಟಿರಲಿಲ್ಲ.

ಓಬವ್ವನ ಒನಕೆಯನ್ನು ನಾವು ಶೌರ್ಯದ ಲಾಂಛನವೆಂದು ಪೂಜಿಸುತ್ತೇವೆ. ಅದು ವ್ಯವಸ್ಥೆಯ ಮೇಲಿನ ದೂರೂ ಹೌದು. ಕಿತ್ತೂರಿನಲ್ಲಿ ಸಂಗೊಳ್ಳಿ ರಾಯಣ್ಣನಂಥವರು ಶೇತಸನದಿಗಳು, ಎಂದರೆ ಸೇವೆಗೆ ಪ್ರತಿಯಾಗಿ ಭೂಮಿಯ ಸನದು ಪಡೆದವರು. ಮೈಸೂರು ಸಂಸ್ಥಾನದ ಕಂದಾಚಾರದಲ್ಲಿಯೂ ಬೇಸಾಯಗಾರರೇ ಕರೆ ಬಂದಾಗ ಆಯುಧ ಹಿಡಿಯುತ್ತಿದ್ದರು. ಆ ಕಾಲದಲ್ಲಿ ಕಡ್ಡಾಯ ಸೇವೆಗೆ ಇದಕ್ಕಿಂತ ಹತ್ತಿರವಾದುದು ಬೇರೆ ಇಲ್ಲ. ಭೂಮಿ, ಕರ್ತವ್ಯ, ಗೌರವ ಮೂರೂ ಗಂಡಸಿನ ಹೆಸರಿಗೆ ಬರೆದಿದ್ದವು. ಹೆಣ್ಣು ಹೋರಾಡಿದ್ದು ಆ ಪಟ್ಟಿಯ ಹೊರಗೆ, ಗಂಡು ಇಲ್ಲದ ಘಳಿಗೆಯಲ್ಲಿ. ಸ್ವತಃ ಕಿತ್ತೂರಿನ ರಾಣಿ ಚೆನ್ನಮ್ಮ ಮುಂದಾಳಾದದ್ದೂ ಮಲ್ಲಸರ್ಜ ದೇಸಾಯಿ ತೀರಿಕೊಂಡು, ಮಗ ಶಿವಲಿಂಗರುದ್ರಸರ್ಜನೂ ಗತಿಸಿ, ದತ್ತಕವನ್ನು ಕಂಪನಿ ಸರಕಾರ ಒಪ್ಪದಿದ್ದಾಗ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಹತನಾದನು. ಡಿಸೆಂಬರ್ ತಿಂಗಳಲ್ಲಿ ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ಲಿಂಗೈಕ್ಯಳಾದಳು.

ಸ್ವತಂತ್ರ ಭಾರತ ಈ ರಾಣಿಯರಿಗೆ ಪ್ರತಿಮೆಗಳನ್ನು ನಿಲ್ಲಿಸಿತು. ಆದರೆ 1950ರ ಭೂಸೇನಾ ಕಾಯಿದೆಯ 12ನೆಯ ಕಲಮು, ಕೇಂದ್ರ ಸರ್ಕಾರ ಅಧಿಸೂಚಿಸಿದ ವಿಭಾಗಗಳನ್ನುಳಿದು ಸ್ತ್ರೀಯರು ಸೇನೆಗೆ ಅರ್ಹರಲ್ಲವೆಂದಿತು. 1969ರಲ್ಲಿ ಕಿತ್ತೂರಿನಲ್ಲಿಯೇ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಬಾಲಕಿಯರ ಸೈನಿಕ ವಸತಿ ಶಾಲೆ ಆರಂಭವಾಯಿತು. ಅಲ್ಲಿ ಕವಾಯತು ಕಲಿತ ಮಕ್ಕಳಿಗೆ ವೈದ್ಯಕೀಯ, ಶುಶ್ರೂಷಾ ವಿಭಾಗಗಳ ಹೊರತಾಗಿ ಸೇನೆಯ ಬಾಗಿಲು ತೆರೆದದ್ದು 1992ರಲ್ಲಿ, ಎಂದರೆ 23 ವರ್ಷಗಳ ನಂತರ; ಅದೂ ಅಲ್ಪಾವಧಿಯ ಅಧಿಕಾರಿಗಳಾಗಿ. 14 ವರ್ಷ ದುಡಿದರೂ ಕಾಯಂ ಕಮಿಷನ್ ಇಲ್ಲ; 20 ವರ್ಷ ತುಂಬದೆ ಪಿಂಚಣಿಯೂ ಇಲ್ಲ. ದುಡಿಮೆಯನ್ನು ಪಡೆದು ಸ್ಥಾನವನ್ನು ಕೊಡದ ಈ ಕ್ರಮವನ್ನು ಕಾಯಕವೆನ್ನಲು ಬಾರದು.

ಈ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಸರ್ಕಾರದ ಪರವಾಗಿ ಮಂಡಿತವಾದ ವಾದಗಳಲ್ಲೊಂದು, ಸೈನಿಕರು ಬಹುಪಾಲು ಗ್ರಾಮೀಣ ಹಿನ್ನೆಲೆಯವರಾದ್ದರಿಂದ ಸ್ತ್ರೀಯರ ಆಜ್ಞೆಯನ್ನು ಸ್ವೀಕರಿಸಲು ಅವರ ಮನಸ್ಸು ಸಿದ್ಧವಾಗಿಲ್ಲ ಎಂಬುದು! ಕಿತ್ತೂರಿನ ಕದನವನ್ನು ಲಾವಣಿಯಾಗಿ ಹಾಡಿಕೊಂಡು ಬಂದವರು ಹಳ್ಳಿಗರೇ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ಸಾಹೇಬರು ಸಂಗ್ರಹಿಸಿದ್ದೂ ಅವರ ಬಾಯಿಂದಲೇ ಬಂದ ಲಾವಣಿಗಳನ್ನು. ಕೆಳದಿಯ ದಂಡಿನಲ್ಲಿದ್ದವರು ನಗರವಾಸಿಗಳೇನಲ್ಲ. 2020ರ ಫೆಬ್ರವರಿ 17ರ ಬಬಿತಾ ಪುನಿಯಾ ತೀರ್ಪು ಆ ವಾದವನ್ನು ತಳ್ಳಿಹಾಕಿ ಕಾಯಂ ಕಮಿಷನ್ ಹಾಗೂ ಅಧಿಪತ್ಯದ ಹುದ್ದೆಗಳ ಹಾದಿಯನ್ನು ತೆರೆಯಿತು. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳು ಬಾಲಕಿಯರನ್ನು ಸೇರಿಸಿಕೊಂಡವು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಯುವತಿಯರು ತರಬೇತಿ ಮುಗಿಸಿ ಹೊರಬಂದರು. ಭೂಸೇನೆಯಲ್ಲಿ ಅಧಿಕಾರಿಗಳಲ್ಲದ ಸಾಮಾನ್ಯ ಸಿಪಾಯಿಗಳಾಗಿ ಸ್ತ್ರೀಯರು ನಿಂತದ್ದು ಅದೇ ಮೊದಲು. ಓಬವ್ವನ ಸ್ಥಾನಕ್ಕೆ ಕೊನೆಗೂ ಒಂದು ಹಾಜರಿಪಟ್ಟಿ ದೊರೆಯಿತು. 2025ರ ಮೇ ತಿಂಗಳಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 17 ಯುವತಿಯರು ಉತ್ತೀರ್ಣರಾಗಿ ಬಂದರು.

ಇನ್ನು ಕಡ್ಡಾಯ ಸೇವೆಯ ಮಾತು. ಭಾರತದಲ್ಲಿ ಅದಿಲ್ಲ. ಇಸ್ರೇಲ್ 1949ರ ಕಾಯಿದೆಯಿಂದಲೇ ಸ್ತ್ರೀಯರನ್ನು ಕರೆಯುತ್ತಿದೆ, ಆದರೆ ವಿವಾಹಿತೆಯರಿಗೂ ತಾಯಂದಿರಿಗೂ ವಿನಾಯಿತಿಯುಂಟು. ನಾರ್ವೆ 2015ರಿಂದ ಗಂಡು ಹೆಣ್ಣೆನ್ನದೆ ಕರೆಯುತ್ತದೆ. ಬಂದವರಲ್ಲಿ ಬೇಕಾದಷ್ಟು ಮಂದಿಯನ್ನು ಆರಿಸಿಕೊಳ್ಳುತ್ತದೆ. ಡೆನ್ಮಾರ್ಕ್ 2025ರ ಜುಲೈಯಿಂದ ಅದೇ ದಾರಿ ಹಿಡಿದಿದೆ. ಇವೆಲ್ಲಕ್ಕಿಂತ ಗಮನಾರ್ಹವಾದುದು ಬ್ರಿಟನ್ನಿನ 1941ರ ಕಾಯಿದೆ. ಎರಡನೆಯ ಮಹಾಯುದ್ಧದ ನಡುವೆ ಅದು ಅವಿವಾಹಿತ ತರುಣಿಯರನ್ನು ಕಡ್ಡಾಯವಾಗಿ ಸೇವೆಗೆ ಕರೆಯಿತು. ಆದರೆ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಸ್ತ್ರೀಯ ಕೈಗೂ ಮಾರಕಾಯುಧವನ್ನು ಕೊಡಕೂಡದೆಂದಿತು. ಸೇವೆ ಕಡ್ಡಾಯ, ಕೊಲ್ಲುವುದು ಮಾತ್ರ ಆಕೆಯ ಆತ್ಮಸಾಕ್ಷಿಗೆ ಬಿಟ್ಟದ್ದು. ಈ ವಿವೇಕ ಸ್ತ್ರೀಯರಿಗಷ್ಟೇ ಏಕೆ ಮೀಸಲಾಗಬೇಕು ಎಂದು ಕೇಳಬೇಕಾಗುತ್ತದೆ. ದಯೆಯೇ ಧರ್ಮದ ಮೂಲವೆಂದು ನಂಬಿದವನ ಮಗನಿಗೂ ಅದು ಸಲ್ಲಬೇಕು.

ಹೆಣ್ಣಿಗೆ ಸೇನೆಯ ಎಲ್ಲ ಬಾಗಿಲುಗಳೂ ತೆರೆಯುವ ಮುನ್ನ ಆಕೆಯನ್ನು ಕಡ್ಡಾಯವಾಗಿ ಕರೆಯುವುದು ಬಿಟ್ಟಿಯಾಗುತ್ತದೆ. ಭೂಸೇನೆಯ ಪದಾತಿದಳವೂ ಟ್ಯಾಂಕುದಳವೂ ಆಕೆಗೆ ಇನ್ನೂ ತೆರೆದಿಲ್ಲ. ಬಾಗಿಲು ಪೂರ್ತಿ ತೆರೆದ ಮೇಲೆ ಗಂಡನ್ನು ಮಾತ್ರ ಕರೆದು ಹೆಣ್ಣನ್ನು ಬಿಡುವುದಕ್ಕೂ ನ್ಯಾಯವಾದ ಕಾರಣ ಉಳಿಯುವುದಿಲ್ಲ. ಎಳೆಯ ಮಕ್ಕಳನ್ನು ಸಾಕುವವರಿಗೆ ವಿನಾಯಿತಿ ಬೇಕು. ಅದು ತಾಯಿಗೂ ಇರಲಿ, ತಾಯಿಯಿಲ್ಲದ ಮಕ್ಕಳ ತಂದೆಗೂ ಇರಲಿ.

ನಮ್ಮ ಸಂವಿಧಾನದ 23ನೆಯ ಅನುಚ್ಛೇದ ಈ ಎರಡೂ ವಿಷಯಗಳನ್ನು ಒಂದೆಡೆ ಇರಿಸಿಕೊಂಡಿದೆ. ಮೊದಲನೆಯ ಖಂಡ ಬಿಟ್ಟಿಯನ್ನು ನಿಷೇಧಿಸುತ್ತದೆ. ಎರಡನೆಯ ಖಂಡ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆಯನ್ನು ವಿಧಿಸಲು ರಾಜ್ಯಕ್ಕೆ ಅವಕಾಶವೀಯುತ್ತದೆ. ಹಾಗೆ ವಿಧಿಸುವಾಗ ಧರ್ಮ, ಮೂಲವಂಶ, ಜಾತಿ, ವರ್ಗ ಇವುಗಳ ಆಧಾರದಿಂದಷ್ಟೇ ಭೇದ ಮಾಡಬಾರದೆನ್ನುತ್ತದೆ. 15ನೆಯ ಅನುಚ್ಛೇದದ ಪಟ್ಟಿಯಲ್ಲಿ ಲಿಂಗ ಎಂಬ ಪದವಿದೆ, ಇಲ್ಲಿನ ಪಟ್ಟಿಯಲ್ಲಿ ಇಲ್ಲ. ಹೆಣ್ಣನ್ನು ಕರೆಯದೆ ಬಿಡಲು ಇರಿಸಿದ ಎಡೆ ಅದೆಂದು ಓದಬಹುದು. ಇತ್ತ 51ಎ ಅನುಚ್ಛೇದವಾದರೋ ಕರೆ ಬಂದಾಗ ರಾಷ್ಟ್ರಸೇವೆ ಸಲ್ಲಿಸುವುದನ್ನು ಪ್ರತಿಯೊಬ್ಬ ಪೌರರ ಕರ್ತವ್ಯವೆಂದು ಎಣಿಸುತ್ತದೆ. ಅಲ್ಲಿ ಹೆಣ್ಣು ಗಂಡೆಂಬ ವಿಂಗಡಣೆ ಇಲ್ಲ.