10 ಪುಸ್ತಕ, 110 ಕಂತು: ಇನ್ನೂ ನಡೆಯದ ಇತಿಹಾಸವೊಂದು ತೆರೆಗೆ ಬಂದ ಕಥೆ

ಇವತ್ತು ಮಾತಾಡ್ತಿರೋದು ಒಂದು ಇತಿಹಾಸದ ಬಗ್ಗೆನೇ. ಅದರಲ್ಲಿ ರಾಜವಂಶ ಇದೆ, ದಂಗೆ ಇದೆ, ಒಪ್ಪಂದ ಇದೆ, ವಂಚನೆ ಇದೆ. ಒಂದೇ ವ್ಯತ್ಯಾಸ ಅಂದ್ರೆ, ಆ ಇತಿಹಾಸ ನಡೆಯೋದು ನಮ್ಮಿಂದ ಸುಮಾರು 1600 ವರ್ಷ ಮುಂದೆ. ಅದನ್ನ ಬರೆದವರು ಜಪಾನಿನ ಯೋಶಿಕಿ ತನಾಕಾ. ಪುಸ್ತಕದ ಹೆಸರು ‘ಗಿಂಗಾ ಎಯ್ಯೂ ದೆನ್ಸೆತ್ಸು’, ನಮ್ಮ ಮಾತಲ್ಲಿ ಹೇಳಬೇಕಂದ್ರೆ ‘ಗೆಲಾಕ್ಸಿ ವೀರರ ಐತಿಹ್ಯ’.

ನನಗೆ ಇಲ್ಲಿ ಎರಡು ಕಥೆ ಹೇಳ್ಬೇಕು. ಒಂದು, ಪುಸ್ತಕದ ಒಳಗಿರೋ ಕಥೆ. ಇನ್ನೊಂದು, ಅಷ್ಟು ಉದ್ದದ ಸರಣಿ ಅನಿಮೆ ಆಗಿದ್ದು ಹೇಗೆ ಅನ್ನೋ ಕಥೆ. ಹಳೇ ಸಿಸ್ಟಮ್ ಒಂದನ್ನ ಹೊಸ ಪ್ಲಾಟ್‌ಫಾರ್ಮ್‌ಗೆ ಮೈಗ್ರೇಟ್ ಮಾಡಿದವರಿಗೆ ಈ ಎರಡನೇ ಕಥೆ ಬೇಗ ಅರ್ಥ ಆಗುತ್ತೆ. ಏನನ್ನ ಉಳಿಸ್ಕೋಬೇಕು, ಏನನ್ನ ಬಿಡಬೇಕು, ಬಿಟ್ಟಿದ್ದು ಯಾವಾಗ ನಮ್ಮನ್ನ ಕಾಡುತ್ತೆ, ಎಲ್ಲಾ ಅದೇ ಪ್ರಶ್ನೆಗಳು.

ಮೊದಲಿನ ಎರಡು ಪ್ರಯತ್ನ

ಉದ್ದದ ವೈಜ್ಞಾನಿಕ ಕಥಾ ಸರಣಿಗಳನ್ನ ಅನಿಮೆ ಮಾಡೋದು ಜಪಾನಿಗೆ ಹೊಸದೇನಲ್ಲ. ಅಮೆರಿಕದ ಎಡ್ಮಂಡ್ ಹ್ಯಾಮಿಲ್ಟನ್ ಬಹುಪಾಲು ಬರೆದ ‘ಕ್ಯಾಪ್ಟನ್ ಫ್ಯೂಚರ್’ ಕಥೆಗಳು 1940ರಿಂದ 1951ರವರೆಗೆ ಅಗ್ಗದ ಮ್ಯಾಗಜಿನ್‌ಗಳಲ್ಲಿ ಬಂದವು. 1978ರಲ್ಲಿ ತೊಯೆ ಆನಿಮೇಷನ್ ಅವನ್ನ ಎನ್‌ಎಚ್‌ಕೆ ವಾಹಿನಿಗೆ ಅನಿಮೆ ಮಾಡಿತು. 13 ಕಥೆ, ಒಂದೊಂದಕ್ಕೂ 4 ಕಂತು, ಒಟ್ಟು 52. ಲೆಕ್ಕ ಎಷ್ಟು ಅಚ್ಚುಕಟ್ಟು ನೋಡಿ. ಅಮೆರಿಕದ ಆ ಕಥೆ ಜಪಾನಿನಲ್ಲಿ ಚಿತ್ರವಾಗಿ, ಅಲ್ಲಿಂದ ಫ್ರಾನ್ಸ್, ಜರ್ಮನಿ, ಇಟಲಿಗೆ ಹೋಗಿ ಅಲ್ಲಿನ ಒಂದು ತಲೆಮಾರಿನ ಮಕ್ಕಳ ನೆನಪಾಯ್ತು. ಹ್ಯಾಮಿಲ್ಟನ್ ಮಾತ್ರ ಅದನ್ನ ನೋಡಲಿಲ್ಲ. 1977ರಲ್ಲೇ ತೀರಿಕೊಂಡಿದ್ದರು.

ಎರಡನೇದು ‘ಲೆನ್ಸ್‌ಮನ್’. ಇ. ಇ. ಸ್ಮಿತ್ 1930ರ, 40ರ ದಶಕಗಳಲ್ಲಿ ಬರೆದ ದೊಡ್ಡ ಸರಣಿ. 1984ರಲ್ಲಿ ಜಪಾನಿನಲ್ಲಿ ಅದು ಒಂದು ಸಿನಿಮಾ ಆಯ್ತು, ಆಮೇಲೆ ಟಿವಿ ಸರಣಿನೂ ಬಂತು. ಪುಸ್ತಕದಲ್ಲಿ ನಾಯಕ ಕಿಮ್ ಕಿನ್ನಿಸನ್ ಕಠಿಣ ತರಬೇತಿ ಮುಗಿಸಿ ಬಂದ ಅಧಿಕಾರಿ. ಸಿನಿಮಾದಲ್ಲಿ ಅವನು ಹೊಲದಲ್ಲಿ ಬೆಳೆದ ಹುಡುಗ, ಸಾಯುತ್ತಿರೋ ಯೋಧನೊಬ್ಬನಿಂದ ಅಕಸ್ಮಾತ್ತಾಗಿ ಶಕ್ತಿ ಪಡೀತಾನೆ. ಇದ್ಯಾಕೋ ಎಲ್ಲೋ ನೋಡಿದ ಹಾಗಿದೆ ಅನ್ಸುತ್ತಲ್ವಾ? ‘ಸ್ಟಾರ್ ವಾರ್ಸ್’ ಬಂದು ಆಗ 7 ವರ್ಷ ಆಗಿತ್ತು. ಆ ಕಾಲಕ್ಕೆ ಹೊಸದಾಗಿದ್ದ ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲಾ ಬಳಸಿದ್ರು, ಕಣ್ಣಿಗೆ ಹಬ್ಬವೇ. ಆದರೆ ಹೆಸರು ಉಳೀತು, ಕಥೆಯ ಬೆನ್ನುಮೂಳೆ ಉಳೀಲಿಲ್ಲ.

ಮೊದಲನೇದು ಕಥೆಗಳನ್ನ ಸಮನಾಗಿ ಕತ್ತರಿಸಿ ಜೋಡಿಸಿತು. ಎರಡನೇದು ಹೊಸ ಕಾಲದ ಅಚ್ಚಿಗೆ ಸುರಿಯಿತು. ತನಾಕಾ ಪುಸ್ತಕಕ್ಕೆ ಈ ಎರಡೂ ದಾರಿ ಹೊಂದುತ್ತಿರಲಿಲ್ಲ. ಯಾಕೆ ಅಂತ ನೋಡೋಣ.

ಪುಸ್ತಕದಲ್ಲಿ ಇರೋದೇನು

ಮೊದಲ ಸಂಪುಟ ಬಂದಿದ್ದು 1982ರಲ್ಲಿ, ತೊಕುಮಾ ಶೋತೆನ್ ಪ್ರಕಾಶನದಿಂದ. ಅದರ ಮೇಲೆ ‘ಸಂಪುಟ 1’ ಅಂತ ನಂಬರೇ ಇರಲಿಲ್ಲ. ಮಾರಾಟ ಆದ್ರೆ ಮಾತ್ರ ಮುಂದಿನದು. ಆಯ್ತು. 1987ಕ್ಕೆ 10ನೇ ಸಂಪುಟದಲ್ಲಿ ಮುಖ್ಯ ಕಥೆ ಮುಗೀತು. 1988ರಲ್ಲಿ ಜಪಾನಿನ ವೈಜ್ಞಾನಿಕ ಕಥಾ ಓದುಗರು ಕೊಡೋ ಸೇಯುನ್ ಪ್ರಶಸ್ತಿಯೂ ಬಂತು.

ಕಥೆ ಹೀಗಿದೆ. ಒಂದು ಕಾಲದಲ್ಲಿ ಗೆಲಾಕ್ಸಿಯಲ್ಲಿ ಪ್ರಜಾಪ್ರಭುತ್ವ ಇತ್ತು. ಅದು ಜಡ್ಡುಗಟ್ಟಿದಾಗ ರುಡಾಲ್ಫ್ ಅನ್ನೋ ಗಟ್ಟಿ ಮನುಷ್ಯನನ್ನ ಜನರೇ ಆರಿಸಿ ತಂದ್ರು, ಅವನು ಚಕ್ರವರ್ತಿ ಆಗಿ ಕೂತ. ಮುಂದೆ ಗುಲಾಮರ ಒಂದು ಗುಂಪು ಹಿಮಗಟ್ಟಿದ ಇಂಗಾಲದ ಡೈಆಕ್ಸೈಡ್‌ನಿಂದಲೇ ಹಡಗು ಕೊರೆದು ತಪ್ಪಿಸಿಕೊಂಡಿತು. ಹೊರಟವರು 4 ಲಕ್ಷ. ಅರ್ಧ ಶತಮಾನದ ಪಯಣ ಮುಗಿಸಿ ಹೊಸ ನೆಲ ಮುಟ್ಟಿದವರು 1 ಲಕ್ಷ 60 ಸಾವಿರ. ಅವರು ಕಟ್ಟಿದ್ದು ಸ್ವತಂತ್ರ ಗ್ರಹಗಳ ಒಕ್ಕೂಟ. ಕಥೆ ಶುರುವಾಗೋ ಹೊತ್ತಿಗೆ ಸಾಮ್ರಾಜ್ಯಕ್ಕೂ ಒಕ್ಕೂಟಕ್ಕೂ 150 ವರ್ಷದಿಂದ ಯುದ್ಧ ನಡೀತಾ ಇದೆ.

ಸಾಮ್ರಾಜ್ಯದ ಕಡೆ ರೈನ್‌ಹಾರ್ಡ್ ಅನ್ನೋ ಯುವ ಸೇನಾಪತಿ. ಕೊಳೆತ ಶ್ರೀಮಂತ ವರ್ಗವನ್ನ ಕಿತ್ತೊಗೀಬೇಕು ಅನ್ನೋ ಛಲ, ನಿಜವಾದ ಸಾಮರ್ಥ್ಯ. ಒಕ್ಕೂಟದ ಕಡೆ ಯಾಂಗ್ ವೆನ್‌ಲಿ. ಯಾಂಗ್‌ಗೆ ಸೈನಿಕ ಆಗೋ ಆಸೆನೇ ಇರಲಿಲ್ಲ. ಇತಿಹಾಸ ಓದಬೇಕಿತ್ತು. ಅಪ್ಪ ತೀರಿಕೊಂಡ್ರು, ಬಿಟ್ಟುಹೋದ ಪುರಾತನ ವಸ್ತುಗಳ ಸಂಗ್ರಹ ಬಹುತೇಕ ನಕಲಿ ಅಂತ ಗೊತ್ತಾಯ್ತು, ಕೈಯಲ್ಲಿ ಕಾಸಿಲ್ಲ. ಪುಕ್ಕಟೆಯಾಗಿ ಇತಿಹಾಸ ಕಲಿಸೋ ಜಾಗ ಒಂದೇ, ಸೈನಿಕ ಅಕಾಡೆಮಿಯ ಯುದ್ಧ ಇತಿಹಾಸ ವಿಭಾಗ. ಸೇರಿಕೊಂಡ. ಓದು ಮುಗಿಯೋ ಮೊದಲೇ ಆ ವಿಭಾಗವನ್ನೇ ಮುಚ್ಚಿಬಿಟ್ರು. ತಂತ್ರ ವಿಭಾಗಕ್ಕೆ ಹಾಕಿದ್ರು. ಅಲ್ಲಿಂದ ಅವನ ಬದುಕೇ ಬೇರೆ ದಾರಿ ಹಿಡೀತು.

ಈ ಭಾಗ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಪಿಯುಸಿಲಿ ಇತಿಹಾಸ ಇಷ್ಟ ಅಂತ ಹೇಳಿ, ‘ಅದನ್ನ ಓದಿ ಏನ್ ಮಾಡ್ತೀಯಾ’ ಅನ್ನೋ ಮಾತು ಕೇಳಿ, ಬಿಇ, ಎಂಟೆಕ್ ಮಾಡಿ, ಪುಣೆಗೆ ಬಂದು ಕೂತಿರೋನು ನಾನು. ನಿಮ್ಮಲ್ಲೂ ಎಷ್ಟೋ ಜನ ಇದ್ದೀರಿ ಅಂತ ಗೊತ್ತು. ಈ ಚಾನೆಲ್ ನೋಡೋಕೆ ಬೇರೆ ಕಾರಣ ಏನಿರುತ್ತೆ?

ಈಗ ಸಮಸ್ಯೆಗೆ ಬರೋಣ. ತನಾಕಾ ಇದನ್ನ ಕಾದಂಬರಿಯ ಹಾಗೆ ಮಾತ್ರ ಬರೀಲಿಲ್ಲ. ಎಲ್ಲಾ ಮುಗಿದು ಎಷ್ಟೋ ಕಾಲದ ಮೇಲೆ ಯಾರೋ ಇತಿಹಾಸಕಾರ ಕೂತು ಬರೆದ ಹಾಗೆ ಬರೆದರು. ಮೊದಲ ಸಂಪುಟ ತೆರೆದ್ರೆ ನಾಯಕ ಸಿಗಲ್ಲ, ಶತಮಾನಗಳ ಚರಿತ್ರೆಯ ಪೀಠಿಕೆ ಸಿಗುತ್ತೆ. ಖಳನಾಯಕ ಅಂತ ಒಬ್ಬನಿಲ್ಲ. ಪಾತ್ರಗಳು ನೂರಾರು. ಮೊದಲ ಯುದ್ಧದಲ್ಲೇ ಒಂದು ಕಡೆ 20 ಸಾವಿರ ಹಡಗು, ಇನ್ನೊಂದು ಕಡೆ 40 ಸಾವಿರ. ಇದನ್ನ ಚಿತ್ರವಾಗಿ ಬಿಡಿಸೋರು ಯಾರು? ದುಡ್ಡು ಹಾಕೋರು ಯಾರು?

ಅಂಚೆಯಲ್ಲಿ ಬಂದ ಅನಿಮೆ

ಉತ್ತರ ಬಂದಿದ್ದು ಕಾಲದಿಂದ. 1983ರ ಕೊನೆಗೆ ಜಪಾನಿನಲ್ಲಿ ಒವಿಎ ಅನ್ನೋದು ಶುರುವಾಗಿತ್ತು. ಅಂದ್ರೆ ಟಿವಿಗೂ ಅಲ್ಲ, ಥಿಯೇಟರಿಗೂ ಅಲ್ಲ, ನೇರವಾಗಿ ವಿಡಿಯೋ ಕ್ಯಾಸೆಟ್‌ಗೆ ಮಾಡೋ ಅನಿಮೆ. ಟಿವಿಯಲ್ಲಿ ಆಟಿಕೆ ಕಂಪನಿಗಳ ಜಾಹೀರಾತು ಬೇಕು, ಮಕ್ಕಳು ನೋಡ್ಬೇಕು, ರೇಟಿಂಗ್ ಬರ್ಬೇಕು. ಕ್ಯಾಸೆಟ್‌ಗೆ ಅದ್ಯಾವುದೂ ಬೇಡ, ದುಡ್ಡು ಕೊಟ್ಟು ಕೊಳ್ಳೋ ದೊಡ್ಡವರು ಸಾಕು. ದೇಶದಲ್ಲಿ ಆಗ ಹಣ ಓಡಾಡ್ತಿದ್ದ ಕಾಲ ಬೇರೆ.

ತೊಕುಮಾ ಶೋತೆನ್ ಬರೀ ಪುಸ್ತಕದವರಲ್ಲ. ‘ಆನಿಮೇಜ್’ ಪತ್ರಿಕೆ ಅವರದೇ, ಮಿಯಾಜಾಕಿಯವರ ‘ನೌಸಿಕಾ’ ಹಿಂದೆ ಇದ್ದವರೂ ಅವರೇ. ಅವರ ಜೊತೆ ಕಿಟ್ಟಿ ಫಿಲ್ಮ್ಸ್ ಸೇರಿತು. ನಿರ್ದೇಶಕರು ನೊಬೊರು ಇಶಿಗುರೋ. ‘ಯಮಾತೊ’ದಲ್ಲಿ ಕೆಲಸ ಮಾಡಿ, ‘ಮ್ಯಾಕ್ರಾಸ್’ ನಿರ್ದೇಶಿಸಿದವರು. 1988ರ ಫೆಬ್ರವರಿಯಲ್ಲಿ ಸುಮಾರು ಒಂದು ಗಂಟೆಯ ಸಿನಿಮಾ ಮಾಡಿ ನೀರು ಎಷ್ಟು ಆಳ ಅಂತ ನೋಡಿದ್ರು. ಅದೇ ವರ್ಷದ ಕೊನೆಗೆ ಸರಣಿ ಶುರು. ಟೇಪುಗಳು ಚಂದಾ ಕಟ್ಟಿದವರ ಮನೆಗೆ ಒಂದೊಂದಾಗಿ ಅಂಚೆಯಲ್ಲಿ ಬರ್ತಿದ್ವು. ಇವತ್ತಿನ ಸಬ್‌ಸ್ಕ್ರಿಪ್ಷನ್ ಮಾಡೆಲ್ಲೇ, ಇಂಟರ್‌ನೆಟ್ ಒಂದಿಲ್ಲ ಅಷ್ಟೆ.

ಲೆಕ್ಕ ನೋಡಿ. ಮೊದಲ 2 ಸಂಪುಟಕ್ಕೆ 26 ಕಂತು. ಮುಂದಿನ 3ಕ್ಕೆ 28. ಆಮೇಲಿನ 3ಕ್ಕೆ 32. ಕೊನೆಯ 2ಕ್ಕೆ 24. ಒಟ್ಟು 110. ಮುಗಿದಿದ್ದು 1997ರಲ್ಲಿ. ಒಂದೊಂದು ಸಂಪುಟಕ್ಕೆ ಸರಾಸರಿ 11 ಕಂತು! ‘ಲೆನ್ಸ್‌ಮನ್’ ಸಿನಿಮಾದ ಜೊತೆ ಹೋಲಿಸಿ ನೋಡಿ.

ಏನನ್ನ ಉಳಿಸಿದ್ರು

ಇಶಿಗುರೋ ಉಳಿಸಿದ್ದು ಪುಸ್ತಕದ ದನಿಯನ್ನ. ನಿರೂಪಕ ಹಾಗೇ ಉಳಿದ, ನಡೆದುಹೋದದ್ದನ್ನ ಶಾಂತವಾಗಿ ಹೇಳ್ತಾನೆ. ಪಾತ್ರ ಬಂದಾಗ ತೆರೆ ಮೇಲೆ ಹೆಸರು, ಹುದ್ದೆ ಬರುತ್ತೆ, ದಾಖಲೆ ಚಿತ್ರದ ಥರ. ಅಷ್ಟೊಂದು ಪಾತ್ರಗಳಿಗೆ ಬೇರೆ ಬೇರೆ ಕಂಠ ಬೇಕಲ್ಲ, ಆ ಕಾಲದ ಹೆಸರಾಂತ ದನಿಗಳೆಲ್ಲ ಬಂದ್ವು. ‘ಗೆಲಾಕ್ಸಿ ಕಂಠದಾನ ಕಲಾವಿದರ ಐತಿಹ್ಯ’ ಅಂತ ಅಭಿಮಾನಿಗಳು ತಮಾಷೆ ಮಾಡೋ ಮಟ್ಟಿಗೆ.

ಸಂಗೀತಕ್ಕೆ ಮಾಲರ್, ಬ್ರುಕ್‌ನರ್, ದ್ವೋರ್ಜಾಕ್, ಶೊಸ್ತಕೊವಿಚ್. ತೊಕುಮಾದ ಸಂಗೀತ ಕಂಪನಿಯ ಕೈಯಲ್ಲಿ ಆಗಿನ ಪೂರ್ವ ಜರ್ಮನಿಯ ರೆಕಾರ್ಡಿಂಗ್‌ಗಳ ಹಕ್ಕು ಇತ್ತು. ಇರೋದನ್ನ ಬಳಸ್ಕೊಂಡ್ರು ಅನ್ನಬಹುದು. ಆದರೆ ಮೊದಲ ಸಿನಿಮಾದಲ್ಲಿ ರವೆಲ್‌ನ ‘ಬೊಲೆರೋ’ ಮೆಲ್ಲಗೆ ಏರ್ತಾ ಏರ್ತಾ ಹಡಗುಗಳು ಉರಿದು ಹೋಗೋದನ್ನ ನೋಡಿ. ಗೆದ್ದವರು ಯಾರು ಅನ್ನೋದು ಮರೆತುಹೋಗುತ್ತೆ, ಸತ್ತವರೆಷ್ಟು ಅನ್ನೋದು ಮಾತ್ರ ಉಳಿಯುತ್ತೆ.

ಬದಲಾಯಿಸಿದ್ದೂ ಇದೆ. ಪೀಠಿಕೆಯ ಚರಿತ್ರೆಯಿಂದ ಶುರು ಮಾಡಿದ್ರೆ ಎರಡನೇ ಟೇಪಿಗೆ ಯಾರೂ ಚಂದಾ ಕಟ್ಟಲ್ಲ. ಹಾಗಾಗಿ ನೇರವಾಗಿ ಯುದ್ಧದಿಂದ ಶುರು. ಮನುಕುಲದ ಹಿಂದಿನ ಚರಿತ್ರೆ ಪೂರ್ತಿಯಾಗಿ ಬರೋದು 40ನೇ ಕಂತಿನಲ್ಲಿ. ಯಾಂಗ್ ಸಾಕಿದ ಹುಡುಗ ಜೂಲಿಯನ್ ಹಡಗಿನ ಪ್ರಯಾಣದಲ್ಲಿ ಕೂತು ಒಂದು ದಾಖಲೆ ಚಿತ್ರ ನೋಡ್ತಾನೆ, ಅವನ ಜೊತೆ ನಾವೂ ನೋಡ್ತೀವಿ. ಪುಸ್ತಕದ ಮೊದಲ ಪುಟಗಳನ್ನ ಎಸೆಯಲಿಲ್ಲ, ನಾವು ಕೇಳೋಕೆ ತಯಾರಾಗೋವರೆಗೆ ಎತ್ತಿಟ್ಟಿದ್ರು.

ಈ ನಿಧಾನ ಯಾಕೆ ಬೇಕು ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಒಕ್ಕೂಟದಲ್ಲಿ ಚುನಾವಣೆ ಹತ್ತಿರ ಬರುತ್ತೆ, ಸರ್ಕಾರದ ಜನಪ್ರಿಯತೆ ಕುಸಿದಿದೆ. ದೊಡ್ಡ ಗೆಲುವೊಂದು ಸಿಕ್ಕಿದ್ರೆ ಮತ ಏರುತ್ತೆ ಅಂತ ಲೆಕ್ಕ ಹಾಕಿ, 3 ಕೋಟಿ ಸೈನಿಕರನ್ನ ಸಾಮ್ರಾಜ್ಯದ ಮೇಲೆ ಕಳಿಸೋಕೆ ಮಂತ್ರಿಗಳು ಕೈ ಎತ್ತುತ್ತಾರೆ. ರೈನ್‌ಹಾರ್ಡ್ ಯುದ್ಧನೇ ಮಾಡಲ್ಲ. ಗಡಿ ಗ್ರಹಗಳ ಆಹಾರವನ್ನೆಲ್ಲ ಹೊತ್ತುಕೊಂಡು ಹಿಂದೆ ಸರೀತಾನೆ. ‘ಬಿಡುಗಡೆ’ ಮಾಡೋಕೆ ಬಂದವರ ಮುಂದೆ ಕೋಟಿಗಟ್ಟಲೆ ಹಸಿದ ಜನ. ತಮ್ಮ ಪಡಿತರ ಹಂಚಿ ಮುಗಿದ ಮೇಲೆ, ಬಿಡಿಸೋಕೆ ಬಂದವರೇ ಜನರ ಕೈಯಿಂದ ಕಿತ್ಕೊಳ್ಳೋಕೆ ಶುರು ಮಾಡ್ತಾರೆ. ಆಮೇಲೆ ಸೋಲು. ಎರಡು ಗಂಟೆಯ ಸಿನಿಮಾ ಮಾಡೋರು ಕೊನೆಯ ಯುದ್ಧ ಇಟ್ಕೊಂಡು ಮಂತ್ರಿಗಳ ಮೀಟಿಂಗ್ ಕತ್ತರಿಸ್ತಾರೆ. ಇಲ್ಲಿ ಆ ಮೀಟಿಂಗೇ ಕಥೆ. ಅಲ್ಲಿ ಎತ್ತಿದ ಕೈಗಳೇ ಆ ಜನರನ್ನ ಕೊಂದಿದ್ದು.

ಬೇರೆಯವರು ಬರೆದ ಅದೇ ಕಥೆ

ಮಂಗಾ ಎರಡು ಬಂದಿವೆ, ಎರಡರ ದಾರಿಯೂ ಬೇರೆ. ಕತ್ಸುಮಿ ಮಿಚಿಹಾರಾ ಬಿಡಿಸಿದ್ದರಲ್ಲಿ ಫೆಜಾನ್ ಗ್ರಹದ ಕುತಂತ್ರಿ ಆಡಳಿತಗಾರ ಗಂಡಲ್ಲ, ಹೆಣ್ಣು. ಅಷ್ಟೊಂದು ಗಂಡಸರ ಮಧ್ಯೆ ಆ ಒಂದು ಬದಲಾವಣೆಗೆ ಅಧಿಕಾರದ ಆಟದ ಬಣ್ಣವೇ ಬದಲಾಗುತ್ತೆ. 2015ರಲ್ಲಿ ‘ಯಂಗ್ ಜಂಪ್’ ವಾರಪತ್ರಿಕೆಯಲ್ಲಿ ಶುರು ಮಾಡಿದ ರ್ಯೂ ಫುಜಿಸಾಕಿ ರೈನ್‌ಹಾರ್ಡ್‌ನ ಬಾಲ್ಯದಿಂದ ಹೊರಟರು, ಕಾಲಾನುಕ್ರಮದಲ್ಲಿ. ಅವನ ಅಕ್ಕನನ್ನ ಚಕ್ರವರ್ತಿಗೆ ಒಪ್ಪಿಸಿದ ಗಾಯ ಮೊದಲು ಕಾಣುತ್ತೆ, ಸೇನಾಪತಿ ಆಮೇಲೆ. ಓದೋಕೆ ಸಲೀಸು. ಆದರೆ ಇತಿಹಾಸದ ಪಾಲು ಕಮ್ಮಿಯಾಗಿ ಜೀವನಚರಿತ್ರೆಯ ಪಾಲು ಜಾಸ್ತಿ ಆಗುತ್ತೆ. 2018ರಲ್ಲಿ ಪ್ರೊಡಕ್ಷನ್ ಐ.ಜಿ. ಮತ್ತೆ ಹೊಸದಾಗಿ ಅನಿಮೆ ಶುರು ಮಾಡಿತು. ಹಳೇ ಅನಿಮೆಯನ್ನ ನಕಲು ಮಾಡದೆ, ಪುಸ್ತಕಕ್ಕೇ ವಾಪಸ್ ಹೋಗಿ. ಹತ್ತೂ ಸಂಪುಟಗಳ ಇಂಗ್ಲಿಷ್ ಅನುವಾದ 2016ರಿಂದ 2019ರೊಳಗೆ ಬಂದಿವೆ.

ಹಳೇ ಸರಣಿಗೆ 9 ವರ್ಷ ಹಿಡಿದಿದ್ದಕ್ಕೆ ಒಂದು ಬೆಲೆಯೂ ಇತ್ತು. ಯಾಂಗ್‌ಗೆ ದನಿ ಕೊಟ್ಟ ಕೇ ತೊಮಿಯಾಮಾ 1995ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. (ಕಥೆ ಗೊತ್ತಾಗೋದು ಬೇಡ ಅನ್ನೋರು ಮುಂದಿನ ಎರಡು ವಾಕ್ಯ ಬಿಟ್ಟುಬಿಡಿ.) ಅಷ್ಟರೊಳಗೆ ಕಥೆಯಲ್ಲಿ ಯಾಂಗ್ ಕೂಡ, 82ನೇ ಕಂತಿನಲ್ಲಿ, ಸತ್ತಿದ್ದ. ಉಳಿದ ಕಂತುಗಳಲ್ಲಿ ಅವನನ್ನ ನೆನೆದು ಮಾತಾಡೋ ಜೊತೆಗಾರರ ಮಾತು ಕೇಳಿದಾಗ, ಪಾತ್ರಗಳು ಯಾವ ಸಾವಿನ ಬಗ್ಗೆ ಮಾತಾಡ್ತಿವೆ ಅನ್ನೋದು ಒಂದು ಕ್ಷಣ ಗೊತ್ತಾಗಲ್ಲ.

ಉಳಿಯೋ ಪ್ರಶ್ನೆ

ಇಷ್ಟಕ್ಕೂ ಇದನ್ನ ಯಾಕೆ ಹೇಳಿದೆ ಅಂದ್ರೆ, ಈ ಸರಣಿ ಕೇಳೋ ಪ್ರಶ್ನೆ ಸುಲಭದ್ದಲ್ಲ. ಒಬ್ಬ ಒಳ್ಳೆ, ಚುರುಕಾದ, ಪ್ರಾಮಾಣಿಕ ಸರ್ವಾಧಿಕಾರಿ ಒಂದು ಕಡೆ. ಲಂಚಕೋರ, ಬಾಯಿಬಡುಕ, ಆದರೆ ಜನರೇ ಆರಿಸಿದ ಸರ್ಕಾರ ಇನ್ನೊಂದು ಕಡೆ. ನೀವು ಯಾರ ಕಡೆ? ಆಫೀಸ್ ಕ್ಯಾಂಟೀನ್‌ನಲ್ಲಿ ‘ಈ ದೇಶಕ್ಕೆ ಒಬ್ಬ ಗಟ್ಟಿ ಮನುಷ್ಯ ಬೇಕು ಗುರೂ’ ಅನ್ನೋ ಮಾತು ಎಷ್ಟು ಸಲ ಕೇಳಿಲ್ಲ? ನಾನೂ ಅಂದಿದ್ದೀನಿ. ಯಾಂಗ್‌ಗೆ ತನ್ನ ಸರ್ಕಾರ ಎಂಥದ್ದು ಅಂತ ಚೆನ್ನಾಗಿ ಗೊತ್ತು, ಎದುರಾಳಿ ಎಷ್ಟು ಯೋಗ್ಯ ಅಂತಲೂ ಗೊತ್ತು. ಆದ್ರೂ ಅವನು ಈ ಕಡೆ ನಿಲ್ತಾನೆ. ಅವನು ಇತಿಹಾಸ ಓದಿದ್ದ, ರುಡಾಲ್ಫ್‌ನನ್ನ ಕರೆತಂದವರು ಜನರೇ ಅಂತ ಅವನಿಗೆ ನೆನಪಿತ್ತು.

ಈ ವಾದವನ್ನ ಒಂದು ಡೈಲಾಗ್‌ನಲ್ಲಿ ಹೇಳಿದ್ರೆ ಭಾಷಣ ಆಗುತ್ತೆ. 110 ಕಂತು ಜೊತೇಲಿ ನಡೆದ್ರೆ, ರೈನ್‌ಹಾರ್ಡ್‌ನ ನಿಜವಾಗಲೂ ಮೆಚ್ಚಿಕೊಂಡ ಮೇಲೂ, ಆ ಪ್ರಶ್ನೆ ನಮ್ಮದೇ ಆಗುತ್ತೆ. ನನಗೆ ಮೊದಲ ಸಲ ನೋಡಿ ಮುಗಿಸಿದಾಗ ರೈನ್‌ಹಾರ್ಡ್ ಸರಿ ಅನ್ಸಿತ್ತು. ಎರಡನೇ ಸಲ ನೋಡಿದಾಗ ಆ ಮಂತ್ರಿಗಳ ಮೀಟಿಂಗ್ ಕಂಡು ಸಿಟ್ಟು ಬಂತು, ಆದ್ರೆ ಯಾಂಗ್ ಪಕ್ಕ ನಿಂತೆ.

ನೀವು ನೋಡಿದ್ರೆ ಯಾರ ಪಕ್ಕ ನಿಂತ್ರಿ ಅಂತ ಕೆಳಗೆ ಬರೀರಿ. ನೋಡಿಲ್ಲ ಅಂದ್ರೆ ವಾರಾಂತ್ಯಕ್ಕೆ ಎರಡು ಕಂತು, ಅಷ್ಟೇ ಸಾಕು. ಒಂದೇ ಸಲ ಕೂತು ಮುಗಿಸೋಕೆ ಹೋಗ್ಬೇಡಿ. ಅದು ಅಂಚೆಯಲ್ಲಿ ಒಂದೊಂದಾಗಿ ಬರೋಕೆ ಅಂತಲೇ ಮಾಡಿದ್ದು.